ತಿರುಗಿ ಬಂದ ಪ್ರಬಂಧ



ಇಂದಿನ ಚಿಂತನೆಗೆ ಬಾಬಾಸಾಹೇಬ್ ಅಂಬೇಡ್ಕರರ ಬದುಕಿನ ಒಂದು ಪುಟ. ಮಹಾಡ್, ಸಂವಿಧಾನ, ನಾಗಪುರದ ದೀಕ್ಷೆ ನಮಗೆಲ್ಲ ಗೊತ್ತು. ಅವರು ಬರೆದ ಪ್ರಬಂಧವೊಂದು ತಿರುಗಿ ಬಂದಿದ್ದನ್ನು ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

ಕೊಲಂಬಿಯಾದಲ್ಲಿ ಓದಿ 1916ರಲ್ಲಿ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಅವಧಿ ಮುಗಿದದ್ದರಿಂದ 1917ರಲ್ಲಿ ಓದನ್ನು ಅರ್ಧಕ್ಕೇ ಬಿಟ್ಟು ಮರಳಬೇಕಾಯಿತು. ಬೇರೆ ಹಡಗಿನಲ್ಲಿ ಕಳಿಸಿದ್ದ ಪುಸ್ತಕಗಳು ಯುದ್ಧದ ದಾಳಿಗೆ ಸಿಕ್ಕಿ ಸಮುದ್ರದ ಪಾಲಾದವು. ಬರೋಡಾದಲ್ಲಿ ನೌಕರಿಯೇನೋ ಸಿಕ್ಕಿತು, ಇರಲು ಮನೆ ಸಿಗಲಿಲ್ಲ. ಕಚೇರಿಯ ಜವಾನರು ಮೈಲಿಗೆಯೆಂದು ಕಡತಗಳನ್ನು ದೂರದಿಂದಲೇ ಎಸೆಯುತ್ತಿದ್ದರು. ತಂಗಿದ್ದ ಪಾರ್ಸಿ ವಸತಿಗೃಹದಿಂದಲೂ ಹೊರಹಾಕಿದರು.

ಮುಂಬೈಗೆ ಬಂದು 1918ರಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಸಂಬಳದಲ್ಲಿ ಉಳಿಸಿದ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯರೊಬ್ಬರ ಸಾಲ ಸೇರಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ರೂಪಾಯಿಯ ಸಮಸ್ಯೆಯ ಮೇಲೆ ಬರೆದ ಪ್ರಬಂಧವನ್ನು 1922ರ ಅಕ್ಟೋಬರಿನಲ್ಲಿ ಸಲ್ಲಿಸಿದರು. ಬ್ರಿಟಿಷರ ಹಣಕಾಸು ನೀತಿಯನ್ನು ಅದು ನೇರವಾಗಿಯೇ ಟೀಕಿಸಿತ್ತು. ಪರೀಕ್ಷಕರು ಒಪ್ಪಲಿಲ್ಲ, ತಿರುಗಿ ಬರೆಯಬೇಕೆಂದರು.

ಅಷ್ಟರಲ್ಲಿ ಕೈಯಲ್ಲಿದ್ದ ಹಣ ಮುಗಿದಿತ್ತು. 1923ರಲ್ಲಿ ಮುಂಬೈಗೆ ಮರಳಿ, ಪ್ರಬಂಧವನ್ನು ತಿದ್ದಿ ಬರೆದು ಆಗಸ್ಟಿನಲ್ಲಿ ಕಳಿಸಿದರು. ಬರವಣಿಗೆ ಬದಲಾಯಿತು, ತೀರ್ಮಾನಗಳು ಬದಲಾಗಲಿಲ್ಲ. ಅದೇ ವರ್ಷ ಡಿ.ಎಸ್ಸಿ. ಪದವಿ ಬಂತು, ಪ್ರಬಂಧ ಪುಸ್ತಕವಾಗಿ ಅಚ್ಚಾಯಿತು. ಅವರ ಮಾರ್ಗದರ್ಶಕ ಎಡ್ವಿನ್ ಕ್ಯಾನನ್, ತಮಗೆ ಎಲ್ಲವೂ ಒಪ್ಪಿಗೆಯಿಲ್ಲ ಎನ್ನುತ್ತಲೇ ಮುನ್ನುಡಿ ಬರೆದುಕೊಟ್ಟರು. 1925ರಲ್ಲಿ ಭಾರತದ ನಾಣ್ಯ ವ್ಯವಸ್ಥೆ ಕುರಿತ ರಾಯಲ್ ಕಮಿಷನ್ ಮುಂದೆ ಬಾಬಾಸಾಹೇಬರು ಸಾಕ್ಷ್ಯ ನುಡಿದರು.

ನಾನು ಮೇಷ್ಟ್ರಾದ ಹೊಸತರಲ್ಲಿ ಒಂದು ತರಬೇತಿಯಲ್ಲಿ ಮಾದರಿ ಪಾಠ ಮಾಡಿದೆ. ನೋಡಲು ಬಂದವರು ಎರಡು ತಪ್ಪು ಹೇಳಿದರು. ಒಂದು, ನನ್ನದು ಹಳ್ಳಿ ಮಾತು, ಹಕಾರ ಬಿದ್ದುಹೋಗುತ್ತದೆ. ಇನ್ನೊಂದು, ನಲವತ್ತು ನಿಮಿಷವೂ ನಾನೇ ಮಾತಾಡಿದೆ, ಒಂದು ಮಗುವೂ ಬಾಯಿ ಬಿಡಲಿಲ್ಲ. ಮೊದಲನೆಯದು ಎಷ್ಟು ಚುಚ್ಚಿತೆಂದರೆ ಎರಡನೆಯದು ಕಿವಿಗೇ ಬೀಳಲಿಲ್ಲ. ಎರಡು ವರ್ಷ ತರಗತಿಯಲ್ಲಿ ಹೆದರಿಕೊಂಡೇ ಪಾಠ ಮಾಡಿದೆ.

ಬಾಬಾಸಾಹೇಬರ ಈ ವರ್ಷಗಳನ್ನು ಓದುವಾಗ ನನಗೆ ಹೊಳೆದದ್ದು ಇಷ್ಟು. ಬರೋಡಾದಲ್ಲಿ ಆದದ್ದು ಅವರ ಸೋಲಲ್ಲ, ಅದು ಅನ್ಯಾಯ. ಅದರಿಂದ ತಿದ್ದಿಕೊಳ್ಳುವುದು ಅವರಿಗೆ ಏನೂ ಇರಲಿಲ್ಲ. ಅದರ ವಿರುದ್ಧ ಜೀವನವಿಡೀ ಹೋರಾಡಿದರು. ಲಂಡನ್ನಿನಿಂದ ಬಂದದ್ದು ಬೇರೆ ಬಗೆಯದು. ಅಲ್ಲಿ ಮಾಡಲು ಕೆಲಸವಿತ್ತು. ಕೂತು ಮಾಡಿದರು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರೆ ಪ್ರಬಂಧ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತೇನೋ.

ನಾನು ಈಗಲೂ ನಮ್ಮೂರ ಮಾತನ್ನೇ ಆಡುತ್ತೇನೆ. ಆದರೆ ಪ್ರತಿ ಪಾಠದಲ್ಲಿ ಮೊದಲ ಹತ್ತು ನಿಮಿಷ ಮಕ್ಕಳದು. ಧೈರ್ಯ ಮೊದಲು ಬಂದು ಪಾಠ ಸುಧಾರಿಸಲಿಲ್ಲ. ಪಾಠ ತಿದ್ದುತ್ತಾ ಹೋದಂತೆ ಧೈರ್ಯ ಬಂತು.

ಇಂದಿನ ಅಭ್ಯಾಸ: ಕೆಲಸದಲ್ಲಿ ಈಚೆಗೆ ನಿಮಗಾದ ಒಂದು ಹಿನ್ನಡೆ ನೆನೆಯಿರಿ. ಹಾಳೆಯ ನಡುವೆ ಗೆರೆ ಎಳೆದು, ಒಂದು ಕಡೆ ನಿಮಗಾದ ಅನ್ಯಾಯ, ಇನ್ನೊಂದು ಕಡೆ ನೀವು ತಿದ್ದಬಹುದಾದದ್ದು ಬರೆಯಿರಿ. ಎರಡನೆಯ ಕಡೆಯಿಂದ ಒಂದನ್ನು ಈ ವಾರವೇ ಕೈಗೆತ್ತಿಕೊಳ್ಳಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.