ಚಳವಳಿ ದಣಿಸಿದಾಗ ಕುಂಚ ಹಿಡಿದ ರುಮಾಲೆ

ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರ ಜೊತೆ ಧರಣಿ ಕೂರುವ, ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಅರಣ್ಯ ಹಕ್ಕಿನ ಅರ್ಜಿ ಬರೆದುಕೊಡುವ ಗೆಳೆಯರು ನನಗಿದ್ದಾರೆ. ಕೆ.ಆರ್. ನಗರದಲ್ಲೂ ಅಂಥವರಿದ್ದಾರೆ. ಮೂವತ್ತು ದಾಟುವ ಮೊದಲೇ ಹಲವರು ಒಳಗೊಳಗೇ ಬಸವಳಿದಿದ್ದಾರೆ. ಸೋತ ಹೋರಾಟ, ಒಡೆದ ಸಂಘಟನೆ, ಮಾತು ಬಿಟ್ಟ ಸಂಗಾತಿಗಳು. ಈ ನೋವಿಗೆ ನಮ್ಮ ಚಳವಳಿಗಳಲ್ಲಿ ಹೆಸರೂ ಇಲ್ಲ, ಮದ್ದೂ ಇಲ್ಲ. ಅದಕ್ಕೇ ನಾನು ರುಮಾಲೆ ಚನ್ನಬಸವಯ್ಯನವರನ್ನು ನೆನಪಿಸುತ್ತಿದ್ದೇನೆ.

ರುಮಾಲೆ ಹುಟ್ಟಿದ್ದು 1910ರಲ್ಲಿ, ದೊಡ್ಡಬಳ್ಳಾಪುರದಲ್ಲಿ. ಬೆಂಗಳೂರಿನಲ್ಲಿ ಅ.ನ. ಸುಬ್ಬರಾಯರ ಕಲಾಮಂದಿರ, ಆಮೇಲೆ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ. ಹುಡುಗನ ಕೈಯಲ್ಲಿ ಬಣ್ಣವಿತ್ತು, ಆದರೆ ಹೊರಗೆ ದೇಶ ಕುದೀತಿತ್ತು. ಓದು, ಚಿತ್ರ ಎರಡನ್ನೂ ಬದಿಗಿಟ್ಟು ಸ್ವಾತಂತ್ರ್ಯ ಚಳವಳಿಗೆ ಇಳಿದರು. ನಾ.ಸು. ಹರ್ಡೀಕರರು ಕಟ್ಟಿದ ಸೇವಾದಳದಲ್ಲಿ ದುಡಿದರು, ಜೈಲು ಕಂಡರು. 1938ರಲ್ಲಿ ವಿದುರಾಶ್ವತ್ಥದಲ್ಲಿ ಗುಂಡಿಗೆ ಜನ ಬಿದ್ದ ಕಾಲ ಅದು. ಮೈಸೂರು ಸಂಸ್ಥಾನದಲ್ಲಿ ಬಾವುಟ ಹಾರಿಸೋದೇ ಅಪರಾಧವಾಗಿತ್ತು.

ಸ್ವಾತಂತ್ರ್ಯ ಬಂತು. ರುಮಾಲೆ 'ತಾಯಿನಾಡು' ಪತ್ರಿಕೆಯ ಸಂಪಾದಕರಾಗಿ ದುಡಿದರು, ವಿಧಾನ ಪರಿಷತ್ತಿನ ಸದಸ್ಯರೂ ಆದರು. ಹೊರಗಿನಿಂದ ನೋಡಿದರೆ ಗೆದ್ದ ಬದುಕು. ಆದರೆ ಸೇವೆಯೇ ರಾಜಕೀಯ ಅಂತ ನಂಬಿ ಬಂದ ತಲೆಮಾರಿನ ಕಣ್ಣೆದುರೇ ರಾಜಕೀಯ ಅಂದರೆ ಕುರ್ಚಿ ಅನ್ನುವಂತಾಯಿತು. 1960ರ ದಶಕದ ಆರಂಭದಲ್ಲಿ, ಐವತ್ತು ದಾಟಿದ ರುಮಾಲೆ ಮತ್ತೆ ಕುಂಚ ಹಿಡಿದರು. ಅಷ್ಟು ವರ್ಷ ಬಿಟ್ಟಿದ್ದ ಕೆಲಸಕ್ಕೆ ಆ ವಯಸ್ಸಲ್ಲಿ ಮರಳೋದು ಸುಲಭವಲ್ಲ. ಕೊನೆಯವರೆಗೂ, 1988ರಲ್ಲಿ ತೀರಿಕೊಳ್ಳುವವರೆಗೂ, ಚಿತ್ರವೇ ಅವರ ಬದುಕಾಯಿತು.

ಅವರು ಬರೆದದ್ದು ಜೈಲನ್ನಲ್ಲ, ಲಾಠಿಯನ್ನಲ್ಲ. ಮರಗಳನ್ನು. ಹೂ ತುಂಬಿದ ಗುಲ್‌ಮೊಹರ್, ಕಬ್ಬನ್ ಪಾರ್ಕ್, ಲಾಲ್‌ಬಾಗ್, ಕಾವೇರಿ ಬಯಲು. ಜಾಗಕ್ಕೇ ಹೋಗಿ, ಬೆಳಕಿನಲ್ಲಿ ಕೂತು ಬರೆಯುತ್ತಿದ್ದರು. ಬಣ್ಣ ದಟ್ಟ, ಬೆಳಕು ಧಾರಾಳ.

ಇದು ಪಲಾಯನ ಅಲ್ವಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಹೂ ಬಿಟ್ಟ ಮರ ಬರೆದರೆ ಒಂದು ಗುಂಟೆ ಭೂಮಿಯೂ ಬಡವರಿಗೆ ಬರೋಲ್ಲ. ಆದರೆ ನನಗನ್ನಿಸೋದು ಬೇರೆ. ರಾಜಕೀಯದಲ್ಲಿ ನೊಂದವರಿಗೆ ಸಾಮಾನ್ಯವಾಗಿ ಎರಡೇ ದಾರಿ ಕಾಣುತ್ತೆ: ಕಹಿಯಾಗೋದು, ಇಲ್ಲವೇ ಮಾರಾಟವಾಗೋದು. ರುಮಾಲೆ ಮೂರನೆಯದನ್ನು ತೋರಿಸಿದರು. ಒಂದು ಮರವನ್ನು ಗಂಟೆಗಟ್ಟಲೆ ನೋಡಬೇಕಾದರೆ ಮನಸ್ಸು ಹಗೆಯನ್ನು ಪಕ್ಕಕ್ಕಿಡಲೇಬೇಕು. ಕೈ ದುಡೀತಿರುತ್ತೆ, ಗಾಯ ತನ್ನ ಪಾಡಿಗೆ ಮಾಯುತ್ತಿರುತ್ತೆ. ಜೊತೆಗೆ ಇದೂ ನೆನಪಿರಲಿ: ಅವರು ಬರೆದ ಬೆಂಗಳೂರು ಇವತ್ತು ಬಹುಪಾಲು ಇಲ್ಲ. ರಸ್ತೆ ಅಗಲೀಕರಣ, ಮೆಟ್ರೋ ಕಾಮಗಾರಿಗೆ ಮರಗಳು ಉರುಳಿದ ಮೇಲೆ ಆ ಚಿತ್ರಗಳೇ ಸಾಕ್ಷಿ. ತನ್ನ ಸಮಾಧಾನಕ್ಕೆ ಮಾಡಿದ ಕೆಲಸವೂ ಸಾರ್ವಜನಿಕ ಆಸ್ತಿಯಾಗಬಲ್ಲದು.

ಆದ್ದರಿಂದ ದಣಿದ ಗೆಳೆಯ ಸಭೆಗೆ ಬರಲಿಲ್ಲ ಅಂದರೆ 'ಓಡಿಹೋದ' ಅನ್ನಬೇಡಿ. ಅವನೋ ಅವಳೋ ಬಣ್ಣ ಕಲೆಸುತ್ತಿರಲಿ, ತಮಟೆ ಕಲಿಯುತ್ತಿರಲಿ, ಗಿಡ ನೆಡುತ್ತಿರಲಿ. ಸಂಘಟನೆಗಳು ಚಂದಾ ಎತ್ತುವಷ್ಟೇ ಶ್ರದ್ಧೆಯಿಂದ ತಮ್ಮವರಿಗೆ ಬಿಡುವನ್ನೂ ಕೊಡಬೇಕು. ಗಾಯ ಮಾಯದ ಕೈಯಿಂದ ಬಾವುಟ ಬಹಳ ದಿನ ಹಿಡಿಯೋಕಾಗಲ್ಲ.