ಅಫ್ಜಲಖಾನನ ಬರಿದಾದ ಗೋರಿ

ವಿಜಾಪುರದ ಪಶ್ಚಿಮಕ್ಕೆ ಕೆಲವೇ ಮೈಲಿಗಳ ದೂರದಲ್ಲಿ, ಜನರು ತಕ್ಕೆ ಎಂದು ಕರೆಯುವ ಅಫ್ಜಲಪುರದಲ್ಲಿ, ಒಡೆಯನಿಲ್ಲದ ಗೋರಿಯೊಂದುಂಟು. ಆದಿಲಶಾಹಿಯ ಸೇನಾನಿ ಅಫ್ಜಲಖಾನನು ತಾನು ಬದುಕಿರುವಾಗಲೇ ಅದನ್ನು ತನಗಾಗಿ ಕಟ್ಟಿಸತೊಡಗಿದನು. ಬಳಿಯ ಎರಡಂತಸ್ತಿನ ಮಸೀದಿಯಲ್ಲಿ 1653ರ ಶಾಸನವಿದೆ. ಗೋರಿ ಮಾತ್ರ ಪೂರ್ತಿಯಾಗಲಿಲ್ಲ. ಖಾನನೂ ಅಲ್ಲಿಗೆ ಮರಳಲಿಲ್ಲ.

ಪಾಠದ ಪುಸ್ತಕಗಳು ಅವನನ್ನು ಒಂದೇ ದಿನದ ಮನುಷ್ಯನನ್ನಾಗಿ ಮಾಡಿವೆ. ಪ್ರತಾಪಗಡದ ಆ ದಿನಕ್ಕೆ ಹಿಂದಿನ ಇಪ್ಪತ್ತು ವರ್ಷಗಳು ಬಹುಮಟ್ಟಿಗೆ ಕನ್ನಡ ನಾಡಿನಲ್ಲಿಯೇ ಕಳೆದವೆಂಬುದನ್ನು ನನ್ನ ವಿದ್ಯಾರ್ಥಿಗಳು ಕೇಳಿ ಬೆರಗಾಗುತ್ತಾರೆ.

ಅಬ್ದುಲ್ಲಾ ಎಂಬುದು ಅವನ ಮೊದಲ ಹೆಸರು. ಅರಮನೆಯ ಅಡುಗೆಯವಳ ಮಗನೆಂದು ಒಂದು ಐತಿಹ್ಯವಿದೆ. ಕುಲದ ಬಲವಿಲ್ಲದವನು ಕತ್ತಿಯ ಬಲದಿಂದಲೇ ಮೇಲೆ ಬಂದನು. ಮಹಮ್ಮದ ಆದಿಲಶಹನ ಕಾಲದಲ್ಲಿ ರಣದುಲ್ಲಾಖಾನನು ದಕ್ಷಿಣಕ್ಕೆ ದಂಡೆತ್ತಿ ಹೋದಾಗ ಅವನ ಕೈಕೆಳಗೆ ಹೆಸರು ಗಳಿಸಿದನು. ಶಿವಾಜಿಯ ತಂದೆ ಶಹಾಜಿಯೂ ಆಗ ಅದೇ ದಂಡಿನಲ್ಲಿದ್ದನು. 1639ರ ಸುಮಾರಿಗೆ ಸಿರಾದ ದೊರೆ ಕಸ್ತೂರಿ ರಂಗನು ಶರಣಾಗಲೆಂದು ಖಾನನ ಬಿಡಾರಕ್ಕೆ ಬಂದನು. ಬಂದವನು ಜೀವಸಹಿತ ಹಿಂದಿರುಗಲಿಲ್ಲ. ಬಸವಾಪಟ್ಟಣದ ಕಾಳಗದಲ್ಲಿ ಖಾನನು ಮೆರೆದ ಪರಾಕ್ರಮ ನಿಜ. ಸಿರಾದಲ್ಲಿ ಅಂಟಿದ ಕಳಂಕವೂ ನಿಜ.

ಮತಾಭಿಮಾನ ಅವನಲ್ಲಿ ಉಗ್ರವಾಗಿತ್ತು. ಕಾಫಿರರನ್ನು ಕೊಲ್ಲುವವನು, ವಿಗ್ರಹಗಳನ್ನು ಬುಡಸಹಿತ ಕೀಳುವವನು ಎಂಬರ್ಥದ ಬಿರುದುಗಳನ್ನು ತಾನೇ ಶಾಸನದಲ್ಲಿ ಧರಿಸಿದನು. ಆದರೂ ಅವನ ಸೈನ್ಯದಲ್ಲಿ ಮರಾಠಾ ಸರದಾರರಿದ್ದರು. ಅವನ ರಾಯಭಾರಿ ಕೃಷ್ಣಾಜಿ ಭಾಸ್ಕರನೆಂಬ ಬ್ರಾಹ್ಮಣ. ಮತ್ತೊಂದು ಕಡೆ, 1657ರಲ್ಲಿ ವಜೀರ ಖಾನ್ ಮಹಮ್ಮದನು ಔರಂಗಜೇಬನಿಗೆ ದಾರಿ ಬಿಟ್ಟನೆಂದು ದೂರಿದವನು ಇವನೇ. ಆ ವಜೀರನು ವಿಜಾಪುರದಲ್ಲಿಯೇ ಕೊಲೆಯಾದನು. ಮತದ ಮಾತು ಬಿರುದಿಗೆ ಒದಗಿತು. ಅಧಿಕಾರದ ಲೆಕ್ಕವು ಸ್ವಮತದವನನ್ನೂ ಉಳಿಸಲಿಲ್ಲ.

1659ರಲ್ಲಿ ಬಡೀ ಸಾಹಿಬಾ ಶಿವಾಜಿಯ ಮೇಲೆ ಅವನನ್ನು ಕಳುಹಿಸಿದಳು. ಸ್ನೇಹವನ್ನು ನಟಿಸಿ ಹಿಡಿಯಬೇಕೆಂದು ಅವಳು ಸೂಚಿಸಿದ್ದಳೆಂದು ಆ ವರ್ಷದ ಇಂಗ್ಲಿಷ್ ವರ್ತಕರ ಪತ್ರವೊಂದು ತಿಳಿಸುತ್ತದೆ. ಸುಮಾರು ಹತ್ತು ಸಾವಿರ ಮಂದಿಯ ದಂಡು ಹೊರಟಿತು. ನಮ್ಮ ಅಗರಖೇಡದ ಅಂಚಿನಲ್ಲಿ ಹರಿಯುವ ಭೀಮೆಯನ್ನೇ ಎಲ್ಲಿಯೋ ದಾಟಿ ಅದು ತುಳಜಾಪುರದತ್ತ ಸಾಗಿತು. ಅಲ್ಲಿಯೂ ಪಂಢರಪುರದಲ್ಲಿಯೂ ದೇವಾಲಯಗಳಿಗೆ ಹಾನಿಯಾಯಿತೆಂದು ಮರಾಠಿ ಬಖರುಗಳು ಹೇಳುತ್ತವೆ.

ಖಾನನು ಅಭಯವನ್ನೂ ಜಹಗೀರನ್ನೂ ಆಡಿಸಿ ಕಳುಹಿದನು. ಆದರೆ ಸಿರಾದ ಕಥೆ ಸಹ್ಯಾದ್ರಿಯನ್ನು ಅವನಿಗಿಂತ ಮೊದಲೇ ತಲುಪಿತ್ತು. ಶಿವಾಜಿ ಅಂಗಿಯೊಳಗೆ ಕವಚ ತೊಟ್ಟು, ಅಂಗೈಯಲ್ಲಿ ವ್ಯಾಘ್ರನಖ ಮರೆಸಿ, ನವೆಂಬರ್ 10ರಂದು ಭೇಟಿಗೆ ಬಂದನು. ಮೊದಲು ಕೈ ಮಾಡಿದವರು ಯಾರೆಂಬುದರಲ್ಲಿ ಮರಾಠಿ, ಪಾರಸಿ ಬರಹಗಳಿಗೆ ಒಮ್ಮತವಿಲ್ಲ. ಅಪ್ಪುಗೆ ಮುಗಿಯುವಷ್ಟರಲ್ಲಿ ಖಾನನ ಬಾಳು ಮುಗಿದಿತ್ತು. ಗೆದ್ದವರು ಅವನನ್ನು ಪ್ರತಾಪಗಡದ ಅಡಿಯಲ್ಲಿಯೇ ಹೂಳಿದರು.

ಅಫ್ಜಲಪುರದ ಸಮೀಪದಲ್ಲಿ ಸಾಲುಸಾಲಾಗಿ ಅರವತ್ತಕ್ಕೂ ಮಿಕ್ಕ ಹೆಂಗಸರ ಗೋರಿಗಳಿವೆ. ತಾನು ಮರಳಿ ಬರುವುದಿಲ್ಲವೆಂದು ಜೋಯಿಸರು ನುಡಿದಾಗ ಖಾನನು ತನ್ನ ಹೆಂಡಿರನ್ನೆಲ್ಲ ಕೊಲ್ಲಿಸಿದನೆಂದು ಜನ ಹೇಳುತ್ತಾರೆ. ಇದು ಐತಿಹ್ಯ; ಚರಿತ್ರೆಯೆಂದು ನಾನು ಕಲಿಸಲಾರೆ. ಆದರೆ ಇಂಥ ಕಥೆ ಒಬ್ಬನ ಹೆಸರಿಗೆ ಸುಲಭವಾಗಿ ಅಂಟಿಕೊಂಡಿತೆಂಬುದೂ ಒಂದು ತೀರ್ಪೇ. ಶೌರ್ಯದಿಂದ ಕೋಟೆಯನ್ನು ಪಡೆಯಬಹುದು. ಅಭಯವಿತ್ತ ಮಾತನ್ನು ಒಮ್ಮೆ ಮುರಿದವನಿಗೆ ಮತ್ತೆ ನಂಬಿಕೆಯನ್ನು ಯಾವ ಕತ್ತಿಯೂ ಗೆದ್ದುಕೊಡಲಾರದು.