ಆಗಸ್ಟ್ ಸ್ಯಾಂಡರ್: ಜನತೆಯ ಚಿತ್ರಕಾರ

ಅರಸರ ಮತ್ತು ಸೇನಾಪತಿಗಳ ಭಾವಚಿತ್ರಗಳು ಸಭಾಭವನಗಳನ್ನು ಅಲಂಕರಿಸುವುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ಸಂಗತಿ. ಉಳುವವನನ್ನೂ ಇಟ್ಟಿಗೆ ಹೊರುವವನನ್ನೂ ಅದೇ ಗೌರವದಿಂದ ಚಿತ್ರಿಸಿದವರು ವಿರಳ. ಅಂಥವರಲ್ಲಿ ಅಗ್ರಗಣ್ಯನಾದ ಜರ್ಮನ್ ಛಾಯಾಗ್ರಾಹಕ ಆಗಸ್ಟ್ ಸ್ಯಾಂಡರನ ಜೀವನವನ್ನು ವಾಚಕರ ಮುಂದಿಡಬಯಸುತ್ತೇವೆ.

1876ರಲ್ಲಿ ಹೆರ್ಡಾರ್ಫ್ ಎಂಬ ಗಣಿಯೂರಿನಲ್ಲಿ ಗಣಿಯ ಬಡಗಿಯೊಬ್ಬನ ಮಗನಾಗಿ ಆತನು ಜನಿಸಿದನು. ಬಾಲ್ಯದಲ್ಲಿ ಗಣಿಯಲ್ಲಿ ದುಡಿಯುತ್ತಿದ್ದಾಗ, ಅಲ್ಲಿಗೆ ಬಂದ ಛಾಯಾಗ್ರಾಹಕನೊಬ್ಬನಿಗೆ ನೆರವಾದುದೇ ಆತನ ವೃತ್ತಿಗೆ ಬೀಜವಾಯಿತು. ಆಸ್ಟ್ರಿಯದ ಲಿಂಟ್ಸ್ ನಗರದಲ್ಲಿ ಚಿತ್ರಶಾಲೆಯನ್ನು ನಡೆಸಿ, 1910ರ ಸುಮಾರಿಗೆ ಜರ್ಮನಿಯ ಕಲೋನಿನಲ್ಲಿ ನೆಲೆಸಿದನು. ವೆಸ್ಟರ್‌ವಾಲ್ಡ್ ಪ್ರಾಂತದ ಹಳ್ಳಿಗಳಿಗೆ ಹೋಗಿ ರೈತರ ಚಿತ್ರಗಳನ್ನು ತೆಗೆಯತೊಡಗಿದನು. ರೈತರು, ಕಸಬುದಾರರು, ಸ್ತ್ರೀಯರು, ಕಲಾವಿದರು, ನಗರವಾಸಿಗಳು, ಕಡೆಗೆ ಕುರುಡರು ಮತ್ತು ರೋಗಿಗಳವರೆಗೆ ತನ್ನ ಕಾಲದ ಸಮಾಜವೆಲ್ಲವನ್ನೂ ಏಳು ವಿಭಾಗಗಳಲ್ಲಿ ಸಂಗ್ರಹಿಸಬೇಕೆಂಬುದೇ ಆತನ ಸಂಕಲ್ಪವಾಯಿತು.

ಕೈಯಲ್ಲಿ ಹಿಡಿಯುವ ಚಿಕ್ಕ ಕ್ಯಾಮರಾಗಳು ಬಂದ ಮೇಲೂ ಆತನು ದೊಡ್ಡ ಕ್ಯಾಮರಾವನ್ನೂ ಗಾಜಿನ ಫಲಕಗಳನ್ನೂ ಬಿಡಲಿಲ್ಲ. ಛಾಯಾಗ್ರಾಹಕನು ಕಪ್ಪು ಬಟ್ಟೆಯೊಳಗೆ ತಲೆಯಿಟ್ಟು, ಮಸುಕು ಗಾಜಿನ ಮೇಲೆ ತಲೆಕೆಳಗಾಗಿ ಮೂಡುವ ಬಿಂಬವನ್ನು ಸ್ಫುಟಗೊಳಿಸಿ, ಫಲಕವನ್ನು ಸೇರಿಸಿ ಬೆಳಕಿಗೆ ತೆರೆಯುವವರೆಗೆ ಎದುರಿಗಿದ್ದವನು ನಿಶ್ಚಲನಾಗಿರಬೇಕು. ಅಷ್ಟರಲ್ಲಿ ತೋರಿಕೆಯ ನಗೆ ಕರಗಿ, ಮನುಷ್ಯನು ತನ್ನ ಸಹಜವಾದ ನಿಲುವಿಗೆ ಬರುತ್ತಾನೆ. ದೊಡ್ಡ ಫಲಕವು ಬಟ್ಟೆಯ ನೇಯ್ಗೆಯನ್ನೂ ಕೈಯ ಸುಕ್ಕನ್ನೂ ಬಿಡದೆ ಹಿಡಿಯುತ್ತದೆ. ಸ್ಯಾಂಡರನು ಅದನ್ನು ತಿದ್ದಿ ಅಂದಗೊಳಿಸುತ್ತಿರಲಿಲ್ಲ. 1928ರಲ್ಲಿ ಇಟ್ಟಿಗೆಯ ಹೊರೆ ಹೊತ್ತು ಆತನೆದುರು ನಿಂತ ಕೂಲಿಯ ಗಾಂಭೀರ್ಯವು ಯಾವ ಮಂತ್ರಿಗೂ ಕಡಿಮೆಯದಲ್ಲ.

1929ರಲ್ಲಿ ಇಂಥ 60 ಚಿತ್ರಗಳು ಗ್ರಂಥರೂಪದಲ್ಲಿ ಪ್ರಕಟವಾದುವು. 1936ರಲ್ಲಿ ನಾಜಿ ಸರ್ಕಾರವು ಉಳಿದ ಪ್ರತಿಗಳನ್ನು ವಶಪಡಿಸಿಕೊಂಡು ಅಚ್ಚಿನ ಫಲಕಗಳನ್ನು ನಾಶಮಾಡಿತು. ಒಂದೇ ಎರಕದ ಜನಾಂಗವನ್ನು ಕೊಂಡಾಡುತ್ತಿದ್ದವರಿಗೆ ಈ ಬಹುಮುಖದ ಜರ್ಮನಿಯು ಸಹ್ಯವಾಗಲಿಲ್ಲವೆಂದೇ ನಾವು ಭಾವಿಸುತ್ತೇವೆ. ಸಮಾಜವಾದಿಯಾಗಿದ್ದ ಮಗ ಎರಿಕ್ 1934ರಲ್ಲಿ ಸೆರೆಯಾಗಿ, 10 ವರ್ಷಗಳ ಶಿಕ್ಷೆಯು ಮುಗಿಯುವ ಹೊತ್ತಿಗೆ, 1944ರಲ್ಲಿ, ತಕ್ಕ ಚಿಕಿತ್ಸೆಯಿಲ್ಲದೆ ಮಡಿದನು. ಅದೇ ವರ್ಷ ಚಿತ್ರಶಾಲೆಯು ಬಾಂಬುಗಳಿಗೆ ತುತ್ತಾಯಿತು. ಸುಮಾರು 10,000 ಫಲಕಗಳನ್ನು ಕೂಖ್‌ಹೌಸನ್ ಎಂಬ ಹಳ್ಳಿಗೆ ಸಾಗಿಸಿದ್ದುದರಿಂದ ಅವು ಉಳಿದುವು. ಕಲೋನಿನ ನೆಲಮಾಳಿಗೆಯಲ್ಲಿದ್ದ ಸುಮಾರು 30,000 ಫಲಕಗಳು 1946ರ ಬೆಂಕಿಯಲ್ಲಿ ಹಾಳಾದುವು.

ಇಷ್ಟಾದರೂ ವೃದ್ಧನು ತನ್ನ ಸಂಕಲ್ಪವನ್ನು ಬಿಡಲಿಲ್ಲ. ನಾಜಿ ಸೈನಿಕರಿಗೂ, ಹಿಂಸೆಗೊಳಗಾದ ಯೆಹೂದ್ಯರಿಗೂ, ಮಗನು ಸೆರೆಮನೆಯಲ್ಲಿ ತೆಗೆದ ರಾಜಕೀಯ ಬಂದಿಗಳ ಚಿತ್ರಗಳಿಗೂ ಒಂದೇ ಸಂಗ್ರಹದಲ್ಲಿ ಸ್ಥಳವಿತ್ತನು. 1964ರಲ್ಲಿ ತೀರಿಕೊಂಡಾಗ ಕಾರ್ಯವು ಅಪೂರ್ಣವಾಗಿಯೇ ಉಳಿದಿತ್ತು. 1980ರಲ್ಲಿ ಮತ್ತೊಬ್ಬ ಮಗ ಗುಂಥರನು ಅದನ್ನು ವಿಸ್ತಾರವಾಗಿ ಪ್ರಕಟಿಸಿದನು.

ದೇಶಾಭಿಮಾನದ ಮಾತು ಎಲ್ಲ ಕಾಲದಲ್ಲಿಯೂ ಸುಲಭ. ದೇಶದ ಪ್ರತಿಯೊಬ್ಬನ ಮುಖವನ್ನೂ ತಾಳ್ಮೆಯಿಂದ ನೋಡುವುದು ಕಷ್ಟ. ಆ ಕಷ್ಟವನ್ನು ಜೀವಮಾನವಿಡೀ ಹೊತ್ತ ಸ್ಯಾಂಡರನನ್ನು ನಿಜವಾದ ದೇಶಸೇವಕರ ಪಂಕ್ತಿಯಲ್ಲಿ ಎಣಿಸಲು ನಾವು ಹಿಂಜರಿಯುವುದಿಲ್ಲ.